ವಿಶಾಖಪಟ್ಟಣ: ಕಡಲತೀರಕ್ಕಿಂತ ಮೊದಲು ಬಂದರು ನೋಡಿ

ಟಿಕೆಟ್ ಕಾದಿರಿಸುವಾಗಲೇ ಒಂದು ವಿಷಯ ಗಮನಿಸಿ. ನಿಮ್ಮ ರೈಲು ವಿಶಾಖಪಟ್ಟಣ ನಿಲ್ದಾಣಕ್ಕೇ ಹೋಗುತ್ತದೆಯೋ, ಅಥವಾ ದುವ್ವಾಡದಲ್ಲಿ ಇಳಿಸಿ ಮುಂದೆ ಸಾಗುತ್ತದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಊರಿನ ನಿಲ್ದಾಣಕ್ಕೆ ಬಂದ ಚೆನ್ನೈ–ಹೌರಾ ಮಾರ್ಗದ ರೈಲು ದಿಕ್ಕು ಬದಲಿಸಿಯೇ ಹೊರಡಬೇಕು. ಆ ಹೊತ್ತು ಉಳಿಸಲು ಕೆಲವು ರೈಲುಗಳು ಒಳಗೆ ಬರುವುದೇ ಇಲ್ಲ. ದುವ್ವಾಡ ನಗರದ ಅಂಚಿನಲ್ಲಿದೆ. ಅಪರಾತ್ರಿಯಲ್ಲಿ ಅಲ್ಲಿಳಿದು ಮಕ್ಕಳು, ಸಾಮಾನುಗಳೊಂದಿಗೆ ಆಟೊ ಹುಡುಕುವ ಪಾಡು ಬೇಡ.

ಹೆಚ್ಚಿನವರು ಈ ಊರಿಗೆ ಕಡಲತೀರ ನೋಡಲು ಬರುತ್ತಾರೆ. ನಾನು ಹೇಳುವುದು, ಮೊದಲು ಬಂದರನ್ನು ನೋಡಿ. 1933ರಲ್ಲಿ ತೆರೆದ ಈ ಬಂದರಿಗೆ ಡಾಲ್ಫಿನ್ಸ್ ನೋಸ್ ಎಂಬ ಗುಡ್ಡ ಸಮುದ್ರಕ್ಕೆ ಮೂತಿ ಚಾಚಿ ಕಾವಲು ನಿಂತಿದೆ. ಒಳಬಂದರಿಗೆ ಹೋಗುವ ಹಡಗುಗಳು ಅದರ ಬುಡದ ಕಾಲುವೆಯಲ್ಲೇ ಸಾಗಬೇಕು. ಇದನ್ನು ನೋಡಲು ಹಳೇ ಪಟ್ಟಣದ ರಾಸ್ ಹಿಲ್ ಹತ್ತಿ. ಅಕ್ಕಪಕ್ಕದ ಮೂರು ದಿಬ್ಬಗಳಲ್ಲಿ ಒಂದರ ಮೇಲೆ ಚರ್ಚ್, ಒಂದರ ಮೇಲೆ ದರ್ಗಾ, ಇನ್ನೊಂದರ ಮೇಲೆ ವೆಂಕಟೇಶ್ವರನ ಗುಡಿ ಇವೆ. ಬೆಳಗಿನ ಬಿಸಿಲು ಏರುವ ಮುನ್ನ ಹೋದರೆ ಕೆಳಗೆ ಕ್ರೇನುಗಳು, ಅದಿರಿನ ರಾಶಿಗಳು, ಎಳೆದೋಣಿಗಳ ಹಿಂದೆ ನಿಧಾನವಾಗಿ ತಿರುಗುವ ಭಾರೀ ಹಡಗು ಎಲ್ಲವೂ ಒಟ್ಟಿಗೆ ಕಾಣುತ್ತವೆ. ಅಲ್ಲಿಂದ ಕದಲಲು ನನಗೆ ಮನಸ್ಸೇ ಬರಲಿಲ್ಲ. ನೌಕಾಪಡೆಯ ಪೂರ್ವ ಕಮಾಂಡ್ ಇಲ್ಲೇ ಇರುವುದರಿಂದ ಕ್ಯಾಮೆರಾ ತೆಗೆಯುವ ಮುನ್ನ ಸುತ್ತಲಿನ ನಿಷೇಧದ ಫಲಕಗಳನ್ನು ಓದಿಕೊಳ್ಳಿ.

ಮೀನುಗಾರಿಕಾ ಬಂದರಿಗೆ ನಸುಕಿನಲ್ಲೇ ಹೋಗಬೇಕು, ತಡವಾದರೆ ವ್ಯಾಪಾರ ಮುಗಿದಿರುತ್ತದೆ. ದೋಣಿಯಿಂದ ಇಳಿದ ಸೀಗಡಿ, ಅಂಜಲ್ ಮೀನುಗಳ ಬುಟ್ಟಿಗಳ ಸುತ್ತ ಹರಾಜು ಕೂಗುವ ಹೆಂಗಸರ ದನಿಯೇ ಜೋರು. ನೆಲವೆಲ್ಲ ಮಂಜುಗಡ್ಡೆಯ ನೀರು, ಹೀಗಾಗಿ ಜಾರದ ಚಪ್ಪಲಿ ಹಾಕಿಕೊಳ್ಳಿ. ಕೆಲಸದವರ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ.

ರಾಮಕೃಷ್ಣ ಬೀಚಿನಲ್ಲಿ ಐಎನ್‌ಎಸ್ ಕುರ್ಸುರ ಎಂಬ ಜಲಾಂತರ್ಗಾಮಿಯನ್ನು ದಡಕ್ಕೆಳೆದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ 1969ರಲ್ಲಿ ನೌಕಾಪಡೆ ಸೇರಿದ ಇದು 2001ರಲ್ಲಿ ನಿವೃತ್ತಿಯಾಯಿತು. ಊರಿನಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ಇದನ್ನೇ ನೋಡಿ. ದುಂಡನೆಯ ಕಿಂಡಿಯಂಥ ಬಾಗಿಲುಗಳಲ್ಲಿ ಮೊದಲು ಕಾಲು, ಆಮೇಲೆ ತಲೆ ತೂರಿಸಿ ಮುಂದಿನ ಕೋಣೆಗೆ ದಾಟಬೇಕು. ಎರಡೂ ಬದಿ ಕೊಳವೆ, ಕವಾಟ, ಮಾಪಕಗಳು. ಇವುಗಳ ನಡುವೆಯೇ ಮೈ ಚಾಚಲಷ್ಟೇ ಸಾಲುವ ಮಂಚಗಳು. ಎಪ್ಪತ್ತಕ್ಕೂ ಹೆಚ್ಚು ಜನ ಇಷ್ಟರಲ್ಲೇ ತಿಂಗಳುಗಟ್ಟಲೆ ಬದುಕುತ್ತಿದ್ದರು ಎಂಬುದು ಒಳಗೆ ನಿಂತಾಗಲೇ ಅರ್ಥವಾಗುವುದು. ವಿವರಿಸುವವರು ನಿವೃತ್ತ ನೌಕಾ ಸಿಬ್ಬಂದಿ, ಅವಸರ ಮಾಡದೆ ಕೇಳಿ. ಸೋಮವಾರ ರಜೆ. ಇಕ್ಕಟ್ಟಿನಲ್ಲಿ ಉಸಿರುಗಟ್ಟುವವರು, ಮಂಡಿನೋವಿನವರು ಹೊರಗಿನಿಂದ ನೋಡಿದರೆ ಒಳಿತು. ಎದುರಿಗೇ ನೌಕಾಪಡೆಯ ಕಣ್ಗಾವಲು ವಿಮಾನ ಟಿಯು-142ರ ಸಂಗ್ರಹಾಲಯವಿದೆ. 1971ರ ಯುದ್ಧದಲ್ಲಿ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಮುಳುಗಿದ್ದು ಈ ಊರಿನ ಎದುರಿನ ಸಮುದ್ರದಲ್ಲೇ. ಆ ಯುದ್ಧದ ವಿಜಯ ಸ್ಮಾರಕವೂ ಇದೇ ರಸ್ತೆಯಲ್ಲಿದೆ.

ಈ ಬೀಚಿನಲ್ಲಿ ನೀರಿಗಿಳಿಯಬೇಡಿ. ಸೆಳೆತ ಬಲವಾಗಿದೆ, ಪ್ರವಾಸಿಗರು ಕೊಚ್ಚಿಹೋದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಮರಳಿನ ಮೇಲೆ ಕೂತು ಮುರಿ ಮಿಕ್ಸ್ಚರ್ ಎಂಬ ಮಂಡಕ್ಕಿಯ ತಿನಿಸು ತಿನ್ನಿ. ಕಾಲು ನೆನೆಸಲೇಬೇಕಿದ್ದರೆ ಋಷಿಕೊಂಡದಲ್ಲಿ, ಕಾವಲುಗಾರರ ಕಣ್ಣಳತೆಯೊಳಗೆ.

ಅರಕು ಕಣಿವೆಗೆ ರೈಲಿನಲ್ಲೇ ಹೋಗಿ. ಈ ಮಾರ್ಗವೂ ಬಂದರಿನ ಕೂಸೇ. ಛತ್ತೀಸಗಢದ ಬೈಲಾಡಿಲ ಗಣಿಗಳ ಕಬ್ಬಿಣದ ಅದಿರನ್ನು ಹಡಗಿಗೇರಿಸಿ ಜಪಾನಿಗೆ ಕಳಿಸಲೆಂದು 1960ರ ದಶಕದಲ್ಲಿ ಪೂರ್ವಘಟ್ಟಗಳನ್ನು ಕೊರೆದು ಹಾಕಿದ ಹಳಿ ಇದು. ಐವತ್ತಕ್ಕೂ ಹೆಚ್ಚು ಸುರಂಗಗಳು ಸಿಗುತ್ತವೆ. ಬೆಳಗಿನ ಕಿರಂದುಲ್ ರೈಲಿನ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗೆ ಬೇಗ ಕಾದಿರಿಸಬೇಕು. ಮರಳುವಾಗ ರಸ್ತೆ ಹಿಡಿದು ಬೊರ್ರಾ ಗುಹೆಗಳನ್ನು ನೋಡಿಕೊಂಡು ಬನ್ನಿ. ಎರಡೂ ಕಡೆ ರೈಲನ್ನೇ ನಂಬಿದರೆ ದಿನ ಸಾಲದು.

ಸಿಂಹಾಚಲದ ದೇವಸ್ಥಾನವನ್ನು ಕನ್ನಡಿಗರು ತಪ್ಪಿಸಬಾರದು. ಕಳಿಂಗ ದಂಡಯಾತ್ರೆಯ ಕಾಲದಲ್ಲಿ, 1516ರಲ್ಲಿ, ಕೃಷ್ಣದೇವರಾಯ ಇಲ್ಲಿಗೆ ಬಂದು ಕಾಣಿಕೆ ಸಲ್ಲಿಸಿದ ಶಾಸನ ಇಲ್ಲಿದೆ. ವರಾಹ ನರಸಿಂಹನ ಮೂರ್ತಿ ವರ್ಷವಿಡೀ ಗಂಧದ ಲೇಪದೊಳಗೇ ಇರುತ್ತದೆ. ನಿಜರೂಪದ ದರ್ಶನ ಅಕ್ಷಯ ತೃತೀಯದಂದು ಮಾತ್ರ. ಆ ದಿನದ ನೂಕುನುಗ್ಗಲಿಗೆ ವಯಸ್ಸಾದವರನ್ನು ಕರೆದೊಯ್ಯುವ ಮುನ್ನ ಯೋಚಿಸಿ.

ಭೀಮುನಿಪಟ್ಟಣದ ಕಡೆಗೆ ಹೋಗುವ ಕಡಲ ರಸ್ತೆಯಲ್ಲಿ ತೊಟ್ಲಕೊಂಡದ ಬೌದ್ಧ ವಿಹಾರದ ಅವಶೇಷಗಳಿವೆ. 1970ರ ದಶಕದಲ್ಲಿ ನೌಕಾಪಡೆ ನೆಲೆಗಾಗಿ ವಿಮಾನದಿಂದ ಸಮೀಕ್ಷೆ ನಡೆಸಿದಾಗ ಇವು ಬೆಳಕಿಗೆ ಬಂದವು. ಸಂಜೆ ಹೋಗಿ, ಮೇಲೆ ನೆರಳು ಕಡಿಮೆ. ಅದೇ ದಾರಿಯಲ್ಲಿ ಎರ್ರಮಟ್ಟಿ ದಿಬ್ಬಲು ಎಂಬ ಕೆಂಪು ಮರಳಿನ ಕೊರಕಲುಗಳಿವೆ, ಭೀಮುನಿಪಟ್ಟಣದಲ್ಲಿ ಡಚ್ಚರ ಸಮಾಧಿಗಳಿವೆ. ಕೈಲಾಸಗಿರಿಗೆ ರೋಪ್‌ವೇ ಇದೆ, ಮಕ್ಕಳಿದ್ದರೆ ಹೋಗಿ.

ನವೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಹವೆ ಹಿತ. ಅಕ್ಟೋಬರ್, ನವೆಂಬರ್‌ನಲ್ಲಿ ಚಂಡಮಾರುತದ ಭಯವಿರುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಅಪ್ಪಳಿಸಿದ್ದು ಈ ನಗರಕ್ಕೇ. ಆ ತಿಂಗಳುಗಳಲ್ಲಿ ಹೊರಡುವುದಾದರೆ ರದ್ದುಪಡಿಸಿದರೆ ಹಣ ಮರಳಿಸುವ ಕೊಠಡಿಯನ್ನೇ ಕಾದಿರಿಸಿ. ಅರಕುವಿಗೆ ಒಂದು ಸ್ವೆಟರ್ ಇಟ್ಟುಕೊಳ್ಳಿ, ಕೆಳಗೆ ಸೆಕೆಯಿದ್ದರೂ ಮೇಲೆ ಚಳಿಗಾಲದ ಬೆಳಗು ನಡುಗಿಸುತ್ತದೆ.