ಕೊರಳಾಗ ಲಿಂಗ, ಕೈಯಾಗ ಲಾಡಿ

ಬಿ.ಎ. ಎರಡನೇ ವರ್ಷದ ಫಿಲಾಸಫಿ ಕ್ಲಾಸಿನಾಗ ನಮ್ಮ ಸರ್ ಒಂದು ಮಾತು ಹೇಳಿದ್ರು. 1994ರ ಮಾತಿದು, ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. "ಯಾವ ದೇವರಿಗೆ ಕೈ ಮುಗೀಬೇಕು ಅನ್ನೋದನ್ನ ನೀವು ಠರಾಯಿಸಿಲ್ಲ, ನಿಮ್ಮ ತೊಟ್ಟಿಲು ಠರಾಯಿಸೇತಿ. ಓಣಿ ಆಚೆ ಮನಿಯಾಗ ಹುಟ್ಟಿದ್ರ ಆ ಮನಿ ದೇವರನ್ನ ಇಷ್ಟ ಗಟ್ಟಿಯಾಗಿ ನಂಬತಿದ್ರಿ." ಸರ್ ದೇವರನ್ನ ನಂಬತಿರಲಿಲ್ಲ, ಅದನ್ನ ಮುಚ್ಚಿಡತಿರಲೂ ಇಲ್ಲ, ಆದ್ರ ನಂಬೋ ಹುಡುಗರನ್ನ ಒಂದ ದಿನಾನೂ ಹಗುರ ಮಾಡಿ ಮಾತಾಡಲಿಲ್ಲ. ಅವತ್ತು ನಾನು ಕೊನೇ ಬೆಂಚಿನಾಗ ಕುಂತು ಅಂಗಿ ಮ್ಯಾಲಿಂದನ ಕೊರಳಾಗಿನ ಲಿಂಗ ಮುಟ್ಟಿ ನೋಡಕೊಂಡಿದ್ದು ನೆನಪೈತಿ.

ನಮ್ಮೂರು ರೋಣ ತಾಲೂಕಿನಾಗ, ಆಗಿನ್ನೂ ಗದಗ ಬ್ಯಾರೆ ಜಿಲ್ಲಾ ಆಗಿರಲಿಲ್ಲ, ಅದು ಆಗಿದ್ದು 1997ರಾಗ, ಹಂಗಾಗಿ ನಾವೆಲ್ಲ ಧಾರವಾಡ ಜಿಲ್ಲಾದವರ. ಲಿಂಗಾಯತರ ಮನಿ ನಮ್ಮದು. ಹುಟ್ಟಿದಾಗನ ಅಯ್ನಾರು ಬಂದು ಲಿಂಗ ಕಟ್ಟಿದ್ರಂತ. ನಾಲ್ಕೈದು ವರ್ಷದವ ಇದ್ದಾಗಿಂದ ಅವ್ವ ಜಳಕಾ ಮಾಡಿಸಿ, ವಿಭೂತಿ ಹಚ್ಚಿ, ಜಗಲಿ ಮುಂದ ಕುಂದ್ರಸತಿದ್ಲು. ಎಡಗೈಯಾಗ ಲಿಂಗ ಇಟಗೊಂಡು ನೋಡಕೋಂತ ಕುಂದ್ರಬೇಕು. ಸಣ್ಣ ಕೈ, ನಡಗತಿತ್ತು, ಅದಕ್ಕ ಅವ್ವ ತನ್ನ ಕೈ ನನ್ನ ಕೈ ಕೆಳಗ ಹಿಡೀತಿದ್ಲು. ದೇವರು ಅಂದ್ರ ನನಗ ಮೊದಲು ಗೊತ್ತಾಗಿದ್ದು ಅದು, ಅಂಗೈ ಮ್ಯಾಲೆ ಲಿಂಗದ ತಂಪು, ಅಂಗೈ ಕೆಳಗ ಅವ್ವನ ಕೈಯಿನ ಬಿಸಿ.

ಅದೇ ಅವ್ವ ಮೊಹರಂ ಬಂತಂದ್ರ ನನ್ನ ಫಕೀರ ಮಾಡತಿದ್ಲು. ನಾನು ಮೂರು ವರ್ಷದವ ಇದ್ದಾಗ ಜ್ವರ ಬಂದು ಇಳೀಲೇ ಇಲ್ಲಂತ, ಅವ್ವ ಮಸೂತಿ ಮುಂದ ನಿಂತು ಅಲಾಯಿ ದೇವರಿಗೆ, ಅಂದ್ರ ಮೊಹರಂದಾಗ ಕೂಡಸೋ ಪಂಜಾಗಳಿಗೆ, ಹರಕಿ ಹೊತ್ತಿದ್ಲು, ಮಗಾ ಉಳದ್ರ ವರ್ಷಾ ಫಕೀರ ಮಾಡತೀನಿ ಅಂತ. ಕೊರಳಿಗೆ ಕೆಂಪು ಲಾಡಿ, ಬರಿಗಾಲು, ಐದು ಮನಿ ಭಿಕ್ಷಾ, ರಾತ್ರಿ ನೆಲದ ಮ್ಯಾಲೆ ಮಲಗೋದು. ನಮ್ಮೂರಾಗ ಮುಸಲ್ಮಾನರ ಮನಿ ನಾಲ್ಕ ನಾಲ್ಕು, ಆದ್ರ ಮೊಹರಂ ಇಡೀ ಊರಿಂದು. ಕೈ ಆಕಾರದ ಲೋಹದ ಪಂಜಾಗಳನ್ನ ಹೊರಗ ತಗದು, ತೊಳದು, ಬಟ್ಟಿ ಸುತ್ತಿ ಕೂಡಸೋದು ಮುಲ್ಲಾ ಅಜ್ಜ, ಮಸೂತಿ ಮುಂದ ಅಲಾಯಿ ಕುಣಿ, ಅಂದ್ರ ಬೆಂಕಿ ಹಾಕೋ ತಗ್ಗು, ಅಗಿಯೋರು ಕುರುಬರ ಹುಡುಗರು, ಹೆಜ್ಜಿ ಮ್ಯಾಳದಾಗ ಎಲ್ಲಾ ಜಾತಿಯವರು. ಮುಡಿಪು ಇದ್ದೋರು ಸಕ್ಕರಿ ಓದಿಸಿಕೊಂಡು ಮನಿಗೆ ತರತಿದ್ರು. ಮೊಹರಂದ ಸಿಹಿ ರೊಟ್ಟಿ ಚೊಂಗೆ ಅಂತೂ ನಮ್ಮ ಮನಿಯಾಗ ಬುಟ್ಟಿಗಟ್ಲೆ. ಹತ್ತನೇ ದಿನ ದೇವರು ಹೊಳಿಗೆ ಹೊಂಟಾಗ ನಾನು ಖರೇನ ಅಳತಿದ್ದೆ. ಇದು ಯಾರ ಧರ್ಮ, ಅದು ಯಾರ ಧರ್ಮ ಅಂತ ಮನಿಯಾಗ ಯಾರೂ ಹೇಳಿದ್ದ ಇಲ್ಲ.

ಹಂಗಾಗಿ ಸರ್ ಮಾತು ಕೇಳಿ ಸ್ಟಾಫ್ ರೂಮಿಗೆ ಹೋಗಿ ಕೇಳಿದ್ದೆ, "ಸರ್, ನನ್ನ ತೊಟ್ಟಿಲಾಗ ಎರಡೂ ಅದಾವಲ್ರಿ?" ಅವರು ಜೋರಾಗಿ ನಕ್ಕು ಕುರ್ಚಿ ತೋರಿಸಿದ್ರು. ಶಿಶುನಾಳದ ಷರೀಫರ ಬಗ್ಗೆ ಒಂದು ತಾಸು ಮಾತಾಡಿದ್ರು ಅವತ್ತು. 1819ರಿಂದ 1889, ಬರೋಬ್ಬರಿ ಎಪ್ಪತ್ತು ವರ್ಷದ ಜೀವನ, ಮುಸಲ್ಮಾನರ ಮನಿಯಾಗ ಹುಟ್ಟಿದ್ರು, ಬ್ರಾಹ್ಮಣ ಗುರು ಕಳಸದ ಗೋವಿಂದ ಭಟ್ಟರ ಹಿಂದ ಹೋದ್ರು, ಅವರ ಗದ್ದಿಗಿಗೆ ಇವತ್ತಿಗೂ ಎರಡೂ ಕಡೆ ಮಂದಿ ಬರತಾರ. "ಅವರು ತೊಟ್ಟಿಲು ಬಿಟ್ಟು ಎದ್ದು ನಡದ್ರು, ಹಂಗಂತ ತೊಟ್ಟಿಲಕ್ಕ ಬೆಂಕಿ ಹಚ್ಚಲಿಲ್ಲ" ಅಂದಿದ್ರು ಸರ್. ದೇವರನ್ನ ನಂಬದ ಮನಷ್ಯಾನ ಬಾಯಿಂದ ಈ ಮಾತು ಬಂತಲ್ಲ ಅಂತ ನನಗ ಭಾಳ ದಿವಸ ಆಶ್ಚರ್ಯ ಆಗಿತ್ತು.

1995ರ ಫೆಬ್ರುವರಿಯಾಗ ನನ್ನ ತಂಗಿ ತೀರಿಕೊಂಡ್ಲು. ಹನ್ನೊಂದು ವರ್ಷ. ಕಾಮಾಲಿ ಆಗಿತ್ತು, ಮೊದಲು ನಾಟಿ ಔಷಧ ಕೊಟ್ರು, ದವಾಖಾನಿಗೆ ಒಯ್ಯೋದ್ರಾಗ ತಡಾ ಆಗಿತ್ತು. ಅವ್ವ ಅಕಿ ಸಲುವಾಗಿ ಲಿಂಗದ ಮುಂದ ಕುಂತಿದ್ಲು, ಅಲಾಯಿ ದೇವರಿಗೂ ಹರಕಿ ಹೊತ್ತಿದ್ಲು, ನನಗ ಮಾಡಿದಂಗ. ನಾನು ಉಳದಿದ್ದೆ, ಅಕಿ ಉಳೀಲಿಲ್ಲ. ಮಣ್ಣು ಮಾಡಿ ಬಂದ ಮ್ಯಾಲೆ ಹಾಸ್ಟೆಲಿಗೆ ವಾಪಸ್ ಬಂದು ಲಿಂಗ ಕಟ್ಟಿದ್ದ ಶಿವದಾರ ತಗದು ಟ್ರಂಕಿನಾಗ ಇಟ್ಟೆ. ಮರುದಿನ ಸರ್ ಹತ್ರ ಹೋಗಿ ನೀವು ಹೇಳಿದ್ದ ಖರೆ ಐತ್ರಿ, ನಾನೂ ಬಿಟ್ಟೆ ಅಂದೆ. ಅವರಿಗೆ ಖುಷಿ ಆಗಬಹುದು ಅನಕೊಂಡಿದ್ದೆ. ಅವರು ಸುಮ್ಮನ ಕುಂತು ಆಮ್ಯಾಲೆ ಕೇಳಿದ್ದು ಒಂದ ಪ್ರಶ್ನಿ, "ಅವ್ವ ಏನ್ ಮಾಡಾಕತ್ತಾಳ?" ನನಗ ಉತ್ತರ ಗೊತ್ತಿರಲಿಲ್ಲ. ಮಣ್ಣಾದ ಮೂರನೇ ದಿನಕ್ಕ ಅಕಿನ್ನ ಬಿಟ್ಟು ಬಂದಿದ್ದೆ. ಸರ್ ಕಿಸೆದಿಂದ ರೊಕ್ಕ ತಗದು ಕೈಯಾಗ ಇಟ್ಟು, "ಇವತ್ತ ಸಂಜಿ ಬಸ್ಸಿಗೆ ಹೋಗು, ಅಟೆಂಡೆನ್ಸ್ ನಾ ನೋಡಕೋತೀನಿ, ಅಕಿ ಜೋಡಿ ಕುಂದ್ರು" ಅಂದ್ರು.

ಆ ವರ್ಷ ಮೊಹರಂ ಜೂನಿನಾಗ ಬಂತು, ಕಾರಹುಣ್ಣಿವಿಗೆ ಇನ್ನ ಮೂರ್ನಾಲ್ಕು ದಿನ ಇತ್ತು, ಅಡಿಗಿ ಮನಿಯಾಗ ನೋಡತೀನಿ ಅವ್ವ ಚೊಂಗೆ ಬೇಯಿಸಾಕತ್ತಾಳ. ನನಗ ಸಿಟ್ಟು ತಡೀಲಿಲ್ಲ, ಯಾವ ದೇವರಿಗೆ ಮಾಡತಿ ಇದನ್ನ, ಏನ್ ಕೊಟ್ಟಾನ ಅಂವಾ ನಿನಗ ಅಂತ ಒದರಿಬಿಟ್ಟೆ. ಅವ್ವ ತಿರುಗಿನೂ ನೋಡಲಿಲ್ಲ, ಬರ್ರಿ ಸಂಜಿಕೆ ಮಸೂತಿಗೆ ಹೋಗೂಣು ಅಂತ ಅಪ್ಪಗ ಹೇಳಿದ್ಲು. ನಾನೂ ಹಿಂದ ಹೋದೆ.

ಖತಲ್ ರಾತ್ರಿ ಅದು, ದೇವರು ಹೊಳಿಗೆ ಹೋಗೂ ಹಿಂದಿನ ರಾತ್ರಿ. ಅಲಾಯಿ ಕುಣಿಯಾಗ ಕೆಂಡ ನಿಗಿನಿಗಿ, ಕರ್ಬಲಾದ ಕತಿ ಹೇಳೋ ರಿವಾಯತ ಪದ ನಡದಿತ್ತು. ಕರ್ಬಲಾದ ಬಯಲಾಗ ಹೊಳಿ ಕಣ್ಣಮುಂದ ಹರೀತಿದ್ರೂ ಪೈಗಂಬರರ ಮೊಮ್ಮಗ ಹುಸೇನರ ಮಂದಿಗೆ ಕುಡಿಯಾಕ ನೀರು ಬಿಡಲಿಲ್ಲ, ನೀರಡಿಸಿದ ಎದಿ ಹಾಲಿನ ಕೂಸು ಬಾಣ ಬಡದು ಸತ್ತಿತು ಅನ್ನೋ ಕತಿ ಪದದಾಗ ಬಂತು. 680ನೇ ಇಸ್ವಿಯಾಗ ಎಲ್ಲೋ ದೂರದ ಇರಾಕಿನಾಗ ನಡದ ಸಂಗತಿ ರೋಣ ತಾಲೂಕಿನ ಎರಿಹೊಲದ ಊರಾಗ ಕನ್ನಡದಾಗ ಹಾಡತಿದ್ರು, ಅದನ್ನ ಕೇಳಿ ನಮ್ಮವ್ವ ಬೋರ್ಯಾಡಿ ಅತ್ಲು. ತಂಗಿ ಹೋದಾಗ ಅಕಿ ಅತ್ತಿರಲಿಲ್ಲ, ಕಲ್ಲಾಗಿ ಕುಂತಿದ್ಲು, ಬಂದವರೆಲ್ಲ ಸಮಾಧಾನ ಹೇಳಿ ಹೇಳಿ ಅಕಿ ಅಳುವನ್ನ ಮುಚ್ಚಿಬಿಟ್ಟಿದ್ರು. ಮುಲ್ಲಾ ಅಜ್ಜ ಅಕಿ ತಲಿ ಮ್ಯಾಲೆ ನವಿಲುಗರಿ ಇಟ್ಟು ಏನೋ ಬಾಯಾಗ ಅಂದ್ರು, ಅಜ್ಜಾರ ಕಣ್ಣಾಗನೂ ನೀರು.

ವಾಪಸ್ ಬರೂ ಮುಂದ ಅವ್ವ ಹೇಳಿದ್ಲು, "ಇಲ್ಲಿ ಅತ್ರ ಯಾಕ ಅಳತಿ ಅಂತ ಯಾರೂ ಕೇಳಂಗಿಲ್ಲೋ ತಮ್ಮಾ."

ಆಮ್ಯಾಲೆ ನಾನು ಟ್ರಂಕು ತಗದೆ, ಆದ್ರ ಅದಕ್ಕ ಇನ್ನೂ ಒಂದೂವರಿ ವರ್ಷ ಹಿಡೀತು, ನಡುವ ಸರ್ ಜೋಡಿ ಭಾಳ ವಾದ ಮಾಡಿದೆ. ಈಗ ನನಗ ಅನಸೋದು ಇಷ್ಟು, ಸರ್ ಹೇಳಿದ್ದು ಖರೆ, ನನ್ನ ದೇವರು ತೊಟ್ಟಿಲಿನಿಂದನ ಬಂದಾನ. ಆದ್ರ ನನ್ನ ಕನ್ನಡನೂ ತೊಟ್ಟಿಲಿನಿಂದನ ಬಂದೈತಿ, ಓಣಿ ಆಚೆ ಹುಟ್ಟಿದ್ರ ಬ್ಯಾರೆ ಮಾತು ಆಡತಿದ್ದೆ, ಹಂಗಂತ ನಾ ಆಡೋ ಮಾತು ಸುಳ್ಳು ಅಂತ ಯಾರೂ ಅನ್ನಂಗಿಲ್ಲ. ದೇವರು ಅದಾನೋ ಇಲ್ಲೋ ಅನ್ನೋದು ಈ ವಾದದಿಂದ ಸಾಬೀತ ಆಗಂಗಿಲ್ಲ ಅಂತ ಸರ್ ಆಗಲೇ ಹೇಳಿದ್ರು, ಅದನ್ನೂ ಒಪ್ಪತೀನಿ. ನಾನು ನಂಬತೀನಿ. ಕೇಳಿದ್ದೆಲ್ಲ ಕೊಡೋ ದೇವರನ್ನ ನಂಬೋದು ತಂಗಿ ಜೋಡಿನ ಮಣ್ಣಾತು, ಅಳೂ ಮುಂದ ಹತ್ರ ಇರೋ ದೇವರನ್ನ ನಂಬತೀನಿ.

ಸರ್ ರಿಟೈರ್ ಆಗಿ ಭಾಳ ವರ್ಷ ಆತು. ಹೋದ ವರ್ಷ ಧಾರವಾಡದಾಗ ಅವರ ಮನಿಗೆ ಹೋಗಿದ್ದೆ, ಕಣ್ಣು ಮಂಜಾಗ್ಯಾವ, ಆದ್ರೂ ಧ್ವನಿ ಮ್ಯಾಲೆ ಗುರುತು ಹಿಡದ್ರು. ಮೊದಲು ಕೇಳಿದ್ದು ಅದೇ ಪ್ರಶ್ನಿ, ಅವ್ವ ಹೆಂಗದಾಳ ಅಂತ. ಎಂಬತ್ತು ದಾಟೇತ್ರಿ, ಗಟ್ಟಿ ಅದಾಳ ಅಂದೆ.

2025ರ ಮೊಹರಂ ಜುಲೈದಾಗ ಬಂದಿತ್ತು, ಬೆಂಗಳೂರಿನಿಂದ ಮಗಳನ್ನ ಕರಕೊಂಡು ಊರಿಗೆ ಹೋಗಿದ್ದೆ. ಮುಲ್ಲಾ ಅಜ್ಜ ಇಲ್ಲ ಈಗ, ಅವರ ಮೊಮ್ಮಗ ಪಂಜಾ ಕೂಡಸತಾನ. ಅವ್ವ ಮಗಳ ಮುಂಗೈಗೆ ಲಾಡಿ ಕಟ್ಟಿದ್ಲು. ಮರುದಿನ ಮುಂಜಾನೆ ನೋಡತೀನಿ, ಜಗಲಿ ಮುಂದ ಮಗಳು ಎಡಗೈ ಚಾಚಿ ಕುಂತಾಳ, ಕೈ ಮ್ಯಾಲೆ ಅವ್ವನ ಲಿಂಗ, ಕೆಳಗ ಅವ್ವನ ಕೈ. ಈ ಸಲ ನಡಗತಿದ್ದಿದ್ದು ಅವ್ವನ ಕೈ, ಮಗಳು ಇನ್ನೊಂದು ಕೈಲೆ ಅದನ್ನ ಹಿಡಕೊಂಡಿದ್ಲು.