ಹಾಡನ್ನು ಯಾರು ಕೇಳುತ್ತಿದ್ದಾರೆ? ಡಿಯಾನಾ ಡರ್ಬಿನ್ ಅವರ 21 ಚಿತ್ರಗಳ ನೋಟ್‌ಬುಕ್

ಜನವರಿ 5

1992ರಲ್ಲಿ ಸತ್ಯಜಿತ್ ರೇ ಕಲ್ಕತ್ತೆಯ ಆಸ್ಪತ್ರೆಯ ಹಾಸಿಗೆಯಿಂದಲೇ ಗೌರವ ಆಸ್ಕರ್ ಸ್ವೀಕರಿಸಿ ಆಡಿದ ಮಾತುಗಳಲ್ಲಿ ಒಂದು ಹೆಸರು ನನ್ನ ಕಿವಿಯಲ್ಲೇ ಉಳಿದುಬಿಟ್ಟಿತ್ತು. ಶಾಲಾ ಹುಡುಗನಾಗಿದ್ದಾಗ ಹಾಲಿವುಡ್ ನಟಿ-ಗಾಯಕಿ ಡಿಯಾನಾ ಡರ್ಬಿನ್‌ಗೆ ಪತ್ರ ಬರೆದಿದ್ದರಂತೆ, ಉತ್ತರವೂ ಬಂದಿತ್ತಂತೆ. ನಟಿ ಜಿಂಜರ್ ರೋಜರ್ಸ್ ಉತ್ತರಿಸಲಿಲ್ಲ, ಮುಂದೆ ನಿರ್ದೇಶಕ ಬಿಲ್ಲಿ ವೈಲ್ಡರ್ ಕೂಡ ಉತ್ತರಿಸಲಿಲ್ಲ. ಆ ಹುಡುಗನಿಗೆ ಮರುಪತ್ರ ಕಳಿಸಿದ ಗಾಯಕಿ ಯಾರು ಎಂಬ ಕುತೂಹಲವೇ ಈ ಕೆಲಸದ ಬೀಜ.

ಲೆಕ್ಕ ಹೀಗಿದೆ: 1936ರಿಂದ 1948ರವರೆಗೆ 21 ಪೂರ್ಣ ಚಿತ್ರಗಳು, ಅದಕ್ಕೂ ಮೊದಲು ಒಂದು ಕಿರುಚಿತ್ರ. ಬಿಡುಗಡೆಯಾದ ಕ್ರಮದಲ್ಲೇ ಎಲ್ಲವನ್ನೂ ನೋಡಬೇಕು. ಗೆರೆ ಹಾಕಿದ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಮಾಡಿಕೊಂಡಿದ್ದೇನೆ: ಹಾಡು ಯಾವುದು, ಕಥೆಯಲ್ಲಿ ಎಲ್ಲಿ ಬರುತ್ತದೆ, ಅದನ್ನು ಯಾರು ಕೇಳುತ್ತಿದ್ದಾರೆ. ಮೂರನೆಯದನ್ನು ಸುಮ್ಮನೆ, ಹಾಳೆಯ ಬಲಬದಿ ಖಾಲಿ ಉಳಿಯಿತು ಎಂದು ಸೇರಿಸಿದೆ.

ಜನವರಿ 12

'ಎವ್ರಿ ಸಂಡೇ', 1936. ಹನ್ನೊಂದು ನಿಮಿಷದಷ್ಟೇ ಇರುವ, ಹಾಲಿವುಡ್ ಸ್ಟುಡಿಯೊ ಎಂಜಿಎಂನ ಕಿರುಚಿತ್ರ. ಡರ್ಬಿನ್ ಹುಟ್ಟಿದ್ದು 1921ರ ಡಿಸೆಂಬರ್ 4ರಂದು ಕೆನಡಾದ ವಿನ್ನಿಪೆಗ್‌ನಲ್ಲಿ, ನಿಜವಾದ ಹೆಸರು ಎಡ್ನಾ ಮೇ. ಒಪೆರಾ ಗಾಯಕಿ ಅರ್ನೆಸ್ಟೀನ್ ಶೂಮನ್-ಹೈಂಕ್ ಅವರ ಜೀವನದ ಮೇಲೆ ಎಂಜಿಎಂ ಒಂದು ಚಿತ್ರ ಯೋಜಿಸಿತ್ತು. ಗಾಯಕಿಯ ಬಾಲ್ಯದ ಪಾತ್ರಕ್ಕೆಂದು ಈ ಹುಡುಗಿಯನ್ನು ಕರೆತಂದರು. ಶೂಮನ್-ಹೈಂಕ್ ಕಾಯಿಲೆ ಬಿದ್ದರು, ಯೋಜನೆ ನಿಂತಿತು. ಉಳಿದದ್ದು ಈ ಕಿರುಚಿತ್ರ. ಇದರಲ್ಲಿ ಜೊತೆಗಿರುವವಳು, ಮುಂದೆ ತಾನೂ ದೊಡ್ಡ ತಾರೆಯಾದ ಜೂಡಿ ಗಾರ್ಲೆಂಡ್.

ಪಾರ್ಕಿನ ವಾದ್ಯಮಂಟಪದಲ್ಲಿ ಅಜ್ಜ ವಾದ್ಯವೃಂದ ನಡೆಸುತ್ತಾನೆ, ಜನ ಬರುವುದಿಲ್ಲ, ಕಛೇರಿ ನಿಂತುಹೋಗುವ ಹಾಗಿದೆ. ಇಬ್ಬರು ಹುಡುಗಿಯರು ಮಂಟಪ ಹತ್ತಿ ಹಾಡುತ್ತಾರೆ. ಡರ್ಬಿನ್ ಹಾಡುವುದು ಇಟಾಲಿಯನ್ 'ಇಲ್ ಬಾಚೋ', ಗಾರ್ಲೆಂಡ್ ಹಾಡುವುದು ಜಾಸ್ ಧಾಟಿಯಲ್ಲಿ. ಜನ ನೆರೆಯುತ್ತಾರೆ. ಮೂರನೆಯ ಕಾಲಂನಲ್ಲಿ ಬರೆದೆ: "ದಾರಿಯಲ್ಲಿ ಹೋಗುತ್ತಿದ್ದವರು."

ಜನವರಿ 26

'ತ್ರೀ ಸ್ಮಾರ್ಟ್ ಗರ್ಲ್ಸ್'. ಎಂಜಿಎಂ ಕೈಬಿಟ್ಟ ಹುಡುಗಿಯನ್ನು ಯೂನಿವರ್ಸಲ್ ಸ್ಟುಡಿಯೊ ಸೇರಿಸಿಕೊಂಡಿತು. ನಿರ್ಮಾಪಕ ಜೋ ಪಾಸ್ಟರ್‌ನಾಕ್, ನಿರ್ದೇಶಕ ಹೆನ್ರಿ ಕೋಸ್ಟರ್. ದಿವಾಳಿಯ ಅಂಚಿನಲ್ಲಿದ್ದ ಕಂಪನಿಯನ್ನು ಒಬ್ಬಳೇ ಹುಡುಗಿ ಉಳಿಸಿದಳು ಎಂಬುದು ಎಲ್ಲರೂ ಹೇಳುವ ಕಥೆ. ನನಗೆ ಅದಕ್ಕಿಂತ ಹಿಡಿಸಿದ್ದು ಪೊಲೀಸ್ ಠಾಣೆಯ ದೃಶ್ಯ. ಮನೆ ಬಿಟ್ಟು ಓಡಿಹೋಗಿ ಸಿಕ್ಕಿಬಿದ್ದ ಪೆನ್ನಿ (ಡರ್ಬಿನ್ ಪಾತ್ರ) ತಾನೊಬ್ಬ ಒಪೆರಾ ಗಾಯಕಿ ಎಂದು ಸಾಧಿಸುತ್ತಾಳೆ, ನಂಬದ ಪೊಲೀಸರ ಮುಂದೆ ಅದೇ 'ಇಲ್ ಬಾಚೋ' ಹಾಡುತ್ತಾಳೆ. ಹೇಳಿದ್ದು ಸುಳ್ಳು. ಸ್ವರ ಮಾತ್ರ ಅವಳ ಪರವಾಗಿ ಸಾಕ್ಷಿ ನುಡಿಯುತ್ತದೆ.

ಫೆಬ್ರವರಿ 9

ಈ ವಾರದ್ದು 'ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್', 1937. ಮೂರು ಸಲ ನೋಡಿದೆ. ಅಪ್ಪ ಕೆಲಸವಿಲ್ಲದ ಟ್ರಾಂಬೋನ್ ವಾದಕ. ಅವನಂಥದೇ ನೂರು ಮಂದಿಯನ್ನು ಸೇರಿಸಿ ಮಗಳು ವಾದ್ಯವೃಂದ ಕಟ್ಟುತ್ತಾಳೆ, ಅದನ್ನು ನಡೆಸಿಕೊಡಲು ಹೆಸರಾಂತ ವಾದ್ಯವೃಂದ ನಿರ್ದೇಶಕ ಲಿಯೊಪೊಲ್ಡ್ ಸ್ಟೊಕೋವ್ಸ್ಕಿ ಅವರನ್ನೇ ಹಿಡಿಯಲು ಹೊರಡುತ್ತಾಳೆ. ಸ್ಟೊಕೋವ್ಸ್ಕಿ ಪಾತ್ರದಲ್ಲಿ ಇರುವವರು ಸ್ವತಃ ಸ್ಟೊಕೋವ್ಸ್ಕಿ.

ಮೋಟ್ಸಾರ್ಟ್‌ನ 'ಅಲ್ಲೆಲೂಯ' ಬರುವ ಹೊತ್ತಿಗೆ ಸಂಗೀತದ ಮೇಷ್ಟ್ರಾಗಿದ್ದ ಚಿಕ್ಕಮ್ಮ ಸೊಪ್ಪು ಬಿಡಿಸುತ್ತ ಪಕ್ಕದಲ್ಲಿ ಕುಳಿತಿದ್ದರು. ಅರ್ಧದಲ್ಲಿ ಕೈ ನಿಲ್ಲಿಸಿದರು.

"ಹಿಂದಕ್ಕೆ ಹಾಕು. ಉಸಿರು ಎಲ್ಲಿ ತೆಗೆದುಕೊಂಡಳು, ನಿನಗೆ ಕೇಳಿಸಿತೇ?"

ಇಲ್ಲವೆಂದೆ. ಮತ್ತೆ ಹಾಕಿದೆ. ಒಂದೇ ಪದ, ಅದರೊಳಗೆ ಉದ್ದುದ್ದ ಓಟಗಳು. "ನಮ್ಮ ಗಮಕ ಇದರಲ್ಲಿಲ್ಲ, ಸ್ವರ ಒಂದೊಂದೂ ಮುತ್ತು ಪೋಣಿಸಿದ ಹಾಗೆ ಬಿಡಿಬಿಡಿ ನಿಲ್ಲಬೇಕು. ಇದು ಅಕಾರ ಸಾಧನೆ ಮಾಡಿದ ಗಂಟಲು" ಎಂದರು. ಅವರಿಗೆ ಡರ್ಬಿನ್ ಹೆಸರೂ ಗೊತ್ತಿರಲಿಲ್ಲ. ಒಪೆರಾದಲ್ಲಿ ಹಾಡಿ ನುರಿತ ಆಂದ್ರೆಸ್ ದೆ ಸೆಗುರೋಲಾ ಈ ಹುಡುಗಿಗೆ ಪಾಠ ಹೇಳುತ್ತಿದ್ದರು ಎಂದಾಗ ತಲೆಯಾಡಿಸಿದರು.

ಆದರೆ ನನ್ನ ನೋಟ್‌ಬುಕ್ಕಿಗೆ ದಾರಿ ತೋರಿಸಿದ್ದು ಮೆಟ್ಟಿಲಿನ ದೃಶ್ಯ. ನೂರು ವಾದಕರು ಸ್ಟೊಕೋವ್ಸ್ಕಿಯ ಮನೆಯೊಳಗೇ ನುಗ್ಗಿ, ಮೆಟ್ಟಿಲುಗಳ ಮೇಲೆ ನಿಂತು ಲಿಸ್ಟ್‌ನ ಎರಡನೆಯ ಹಂಗೇರಿಯನ್ ರಾಪ್ಸೊಡಿ ನುಡಿಸತೊಡಗುತ್ತಾರೆ. ಸ್ಟೊಕೋವ್ಸ್ಕಿ ಬೇಡವೆನ್ನಲೆಂದೇ ಬಂದವರು. ಕ್ಯಾಮೆರಾ ಅವರ ಕೈಗಳ ಬಳಿ ಹೋಗುತ್ತದೆ. ಮೊದಲು ಬೆರಳು ಮಿಸುಕುತ್ತದೆ, ಆಮೇಲೆ ಅಂಗೈ, ಕಡೆಗೆ ಎರಡು ತೋಳೂ ಎದ್ದು ಲಯ ಹಿಡಿಯುತ್ತವೆ. ಹುಡುಗಿ ಇಲ್ಲಿ ಹಾಡುವುದೇ ಇಲ್ಲ. ಆದರೂ ಇಡೀ ಚಿತ್ರ ಕೇಳುವವನೊಬ್ಬನ ಎರಡು ಕೈಗಳ ಮೇಲೆ ನಿಂತಿದೆ. ಹಾಳೆ ತುಂಬಿಸಲು ಹಾಕಿದ ಮೂರನೆಯ ಕಾಲಂ ಅಂದಿನಿಂದ ಮೊದಲನೆಯದಾಯಿತು.

ಮಾರ್ಚ್ 16

ಐದು ಚಿತ್ರಗಳು ಬೇಗ ಬೇಗ ಮುಗಿದವು. 'ಮ್ಯಾಡ್ ಅಬೌಟ್ ಮ್ಯೂಸಿಕ್', 'ದಟ್ ಸರ್ಟನ್ ಏಜ್' ಎರಡೂ 1938ರವು, ಆಮೇಲಿನವು 1939-40ರವು. ಹುಡುಗಿ ಹಾಡುತ್ತಾಳೆ, ಹಿರಿಯರ ಮನಸ್ಸು ಕರಗುತ್ತದೆ, ಅಚ್ಚು ಒಂದೇ. 1938ರ ಸಾಲಿಗೆ ಮಿಕಿ ರೂನಿಯ ಜೊತೆ ಬಾಲಕಲಾವಿದರ ವಿಶೇಷ ಆಸ್ಕರ್ ಕೂಡ ಬಂತು. ಅವುಗಳಲ್ಲಿ 'ಫಸ್ಟ್ ಲವ್' (1939) ಬೇರೆಯಾಗಿ ನಿಲ್ಲುತ್ತದೆ. ಅದರಲ್ಲಿ ರಾಬರ್ಟ್ ಸ್ಟ್ಯಾಕ್ ಕೊಟ್ಟ ಮೊದಲ ಮುತ್ತು ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾಗಿತ್ತು. ಆಮ್‌ಸ್ಟರ್‌ಡ್ಯಾಮ್‌ನ ಅಡಗುತಾಣದಲ್ಲಿ ಆನ್ ಫ್ರಾಂಕ್ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರಗಳಲ್ಲಿ ಡರ್ಬಿನ್ ಮುಖವೂ ಇದೆ. ಕೇಳುವವರ ಕಾಲಂನಲ್ಲಿ ಆ ಗೋಡೆಗೆ ಒಂದು ಸಾಲು ಬಿಟ್ಟಿದ್ದೇನೆ.

ಒಂದು ತಾಂತ್ರಿಕ ಟಿಪ್ಪಣಿ. ನಮಗೆ ಹಿನ್ನೆಲೆ ಗಾಯನ ಎಂದರೆ ದನಿ ಒಬ್ಬರದು, ಮುಖ ಇನ್ನೊಬ್ಬರದು. ಹಾಲಿವುಡ್‌ನಲ್ಲೂ ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದಲ್ಲಿ ಅದಕ್ಕೆ ತುಟಿ ಕೂಡಿಸುವುದೇ ರೂಢಿ. ಡರ್ಬಿನ್ ತುಟಿ ಕೂಡಿಸುವುದು ತನ್ನದೇ ದನಿಗೆ. ಹತ್ತಿರದ ದೃಶ್ಯಗಳಲ್ಲಿ ಕತ್ತಿನ ನರ ಬಿಗಿಯುವುದನ್ನು ಗಮನಿಸಿ. ನಿಜವಾಗಿ ಹಾಡಿ ಬಲ್ಲವರಿಗೆ ಮಾತ್ರ ಆ ಬಿಗಿತ ಸರಿಯಾದ ಕ್ಷಣಕ್ಕೆ ಬರುತ್ತದೆ.

ಏಪ್ರಿಲ್ 20

1942ಕ್ಕೆ ನನ್ನ ಪುಟ ಖಾಲಿ. ಮೊದಲು ಯಾವುದೋ ಡಿವಿಡಿ ತಪ್ಪಿಹೋಗಿದೆ ಎಂದುಕೊಂಡು ಪೆಟ್ಟಿಗೆಯನ್ನೆಲ್ಲ ಹುಡುಕಿದೆ. ತಪ್ಪಿಹೋಗಿರಲಿಲ್ಲ. ಚಾರ್ಲ್ಸ್ ಲಾಟನ್ ಜೊತೆಗಿನ 'ಇಟ್ ಸ್ಟಾರ್ಟೆಡ್ ವಿತ್ ಈವ್' (1941) ಆದ ಮೇಲೆ, ಕೊಟ್ಟ ಚಿತ್ರವನ್ನು ಡರ್ಬಿನ್ ಒಪ್ಪಲಿಲ್ಲ. ಯೂನಿವರ್ಸಲ್ ಅವರನ್ನು ಅಮಾನತಿನಲ್ಲಿಟ್ಟಿತು. 1942ರ ಆರಂಭದಲ್ಲಿ ರಾಜಿಯಾದಾಗ ಕಥೆ, ನಿರ್ದೇಶಕ, ಹಾಡುಗಳ ಆಯ್ಕೆಯಲ್ಲಿ ಮಾತಾಡುವ ಹಕ್ಕನ್ನು ಅವರು ಪಡೆದುಕೊಂಡಿದ್ದರು. ಆಗ ಅವರಿಗೆ ಇಪ್ಪತ್ತೇ ವರ್ಷ. ಆ ಖಾಲಿ ಪುಟವನ್ನು ಹಾಗೆಯೇ ಇಟ್ಟಿದ್ದೇನೆ. ಅದೂ ಅವರ ಕೆಲಸವೇ.

ಮೇ 18

ಆ ಹಕ್ಕಿನ ಫಲವನ್ನು ಈಗ ನೋಡಿದೆ: 'ಕ್ರಿಸ್‌ಮಸ್ ಹಾಲಿಡೇ', 1944, ನಿರ್ದೇಶಕ ರಾಬರ್ಟ್ ಸಿಯೊಡ್ಮಾಕ್. ಕಥೆ ಸಾಮರ್‌ಸೆಟ್ ಮಾಮ್‌ನದು, ಜಾಗ ನ್ಯೂ ಆರ್ಲಿಯನ್ಸ್. ಗಂಡನ ಪಾತ್ರ ಜೀನ್ ಕೆಲ್ಲಿಯದು, ಕೊಲೆಗಾರ. ಹೆಂಡತಿ ಹೆಸರು ಬದಲಿಸಿಕೊಂಡು ಕೀಳುದರ್ಜೆಯ ಕ್ಲಬ್ಬೊಂದರಲ್ಲಿ ಹಾಡುತ್ತಾಳೆ.

ಫ್ರಾಂಕ್ ಲೆಸರ್ ಬರೆದ 'ಸ್ಪ್ರಿಂಗ್ ವಿಲ್ ಬಿ ಎ ಲಿಟಲ್ ಲೇಟ್ ದಿಸ್ ಇಯರ್' ಹಾಡನ್ನು ಅವರು ಕಣ್ಣು ಎಲ್ಲೋ ನೆಟ್ಟು ಹಾಡುತ್ತಾರೆ. ತಾರಸ್ಥಾಯಿ ಇಲ್ಲ, ಓಟಗಳಿಲ್ಲ. ದನಿ ಎದೆಯ ಮಟ್ಟದಲ್ಲೇ ನಿಲ್ಲುತ್ತದೆ, ಪದಗಳು ದಣಿದು ಬರುತ್ತವೆ. ಹದಿಮೂರು ಚಿತ್ರಗಳಲ್ಲಿ ಯಾರನ್ನಾದರೂ ಕರಗಿಸಲೆಂದೇ ಹಾಡಿದವರು ಇಲ್ಲಿ ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಕಾಲಂನಲ್ಲಿ "ಯಾರೂ ಇಲ್ಲ" ಎಂದು ಬರೆಯುವಾಗ ನನ್ನ ಕೈ ತಡೆಯಿತು.

ಇನ್ನೊಂದು ದೃಶ್ಯ. ಅವಳೂ ಅವನೂ ಮೊದಲು ಭೇಟಿಯಾಗುವುದು ಕಛೇರಿಯ ಸಭಾಂಗಣದಲ್ಲಿ. ವಾಗ್ನರ್‌ನ 'ಲೀಬೆಸ್ಟೋಡ್' ನುಡಿಯುತ್ತಿದೆ, ಅವಳು ಸುಮ್ಮನೆ ಕುಳಿತು ಕೇಳುತ್ತಿದ್ದಾಳೆ. ಇಷ್ಟು ವಾರಗಳಿಂದ ಬೇರೆಯವರ ಹೆಸರು ತುಂಬಿಸುತ್ತಿದ್ದ ಕಾಲಂನಲ್ಲಿ ಅಂದು "ಡರ್ಬಿನ್" ಎಂದು ಬರೆದೆ. ತನ್ನ ಚಿತ್ರಗಳಲ್ಲಿ ನಿಜಕ್ಕೂ ಒಳ್ಳೆಯದೆಂದು ಅವರು ಎಣಿಸಿದ್ದು ಇದನ್ನೇ. ನನ್ನ ತೀರ್ಪೂ ಅದೇ.

ಜೂನ್ 29

'ಕಾಂಟ್ ಹೆಲ್ಪ್ ಸಿಂಗಿಂಗ್', ಅವರ ಏಕೈಕ ಟೆಕ್ನಿಕಲರ್ ಚಿತ್ರ. ಚಿನ್ನದ ಬೆನ್ನು ಹತ್ತಿ ಕ್ಯಾಲಿಫೋರ್ನಿಯಕ್ಕೆ ಹೊರಟ ಬಂಡಿಗಳ ಕಥೆ, ಸಂಗೀತ ಜೆರೋಮ್ ಕರ್ನ್ ಅವರದು. ಬಯಲೂ ದನಿಯೂ ಒಂದಕ್ಕೊಂದು ಒಪ್ಪುತ್ತವೆ. ಆಮೇಲೆ 'ಲೇಡಿ ಆನ್ ಎ ಟ್ರೇನ್' (1945). ಕ್ರಿಸ್‌ಮಸ್ ರಾತ್ರಿ ದೂರದಲ್ಲಿರುವ ಅಪ್ಪನಿಗೆ ಫೋನಿನಲ್ಲಿ 'ಸೈಲೆಂಟ್ ನೈಟ್' ಹಾಡುವ ದೃಶ್ಯ ಅದರಲ್ಲಿದೆ. ಕೇಳುವವನು ಕಾಣುವುದಿಲ್ಲ, ರಿಸೀವರ್ ಮಾತ್ರ ಕಾಣುತ್ತದೆ. ಹಾಡು ಕಿವಿಗಿಟ್ಟುಕೊಂಡ ಗುಟ್ಟಿನಷ್ಟು ಮೆಲ್ಲಗಿದೆ. ಇದರ ನಿರ್ದೇಶಕ ಚಾರ್ಲ್ಸ್ ಡೇವಿಡ್ ಅವರನ್ನು ಡರ್ಬಿನ್ 1950ರಲ್ಲಿ ಮದುವೆಯಾದರು.

ಆಮೇಲಿನ ನಾಲ್ಕು ಚಿತ್ರಗಳಲ್ಲಿ ಕಥೆಗಳು ತೆಳು. ನೋಡುವಾಗ ನನಗೆ ಸಂಕಟವಾಯಿತು, ದನಿ ಮಾಗುತ್ತ ಹೋದಂತೆ ಪಾತ್ರಗಳು ಹಳೆಯ ಅಚ್ಚಿಗೇ ಮರಳುತ್ತವೆ.

ಜುಲೈ 20

21ನೆಯದು, 'ಫಾರ್ ದ ಲವ್ ಆಫ್ ಮೇರಿ', 1948. ಶ್ವೇತಭವನದ ಟೆಲಿಫೋನ್ ಆಪರೇಟರ್ ಪಾತ್ರ. ರೊಸ್ಸಿನಿ ಗಂಡುದನಿಗೆಂದು ಬರೆದ ಕ್ಷೌರಿಕನ ಹಾಡನ್ನು ಅವರು ಇದರಲ್ಲಿ ಹಾಡುತ್ತಾರೆ, ಲವಲವಿಕೆಯಿಂದ, ಎಲ್ಲೂ ತಡವರಿಸದೆ. ಹಾಡಲಾಗದೆ ಬಿಟ್ಟವರ ದನಿ ಇದಲ್ಲ.

ಆಗ ಅವರಿಗೆ 26. ಒಪ್ಪಂದ ಮುಗಿಯಿತು, ಫ್ರಾನ್ಸಿಗೆ ಹೋದರು, ಪ್ಯಾರಿಸ್ ಬಳಿಯ ಹಳ್ಳಿಯೊಂದರಲ್ಲಿ ನೆಲೆಸಿದರು. ಕರೆಗಳು ಬಂದರೂ ಮರಳಲಿಲ್ಲ. 1983ರಲ್ಲಿ ಸಿನಿಮಾ ಇತಿಹಾಸಕಾರ ಡೇವಿಡ್ ಶಿಪ್‌ಮನ್‌ಗೆ ಸಂದರ್ಶನವೊಂದನ್ನು ಕೊಟ್ಟರು. 2013ರ ಏಪ್ರಿಲ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ರಾತ್ರಿ 'ಎವ್ರಿ ಸಂಡೇ' ಮತ್ತೆ ಹಾಕಿದೆ. ಚಿಕ್ಕಮ್ಮನೂ ಬಂದು ಕುಳಿತರು. ಹುಡುಗಿಯರು ಮಂಟಪ ಹತ್ತಿದಾಗ "ಆ ಇನ್ನೊಬ್ಬಳನ್ನು ನೋಡು" ಎಂದರು. ಅದುವರೆಗೆ ನಾನು ಹಾಡುವವಳನ್ನೇ ನೋಡುತ್ತಿದ್ದೆ. ಜನವರಿಯ ಹಾಳೆ ತೆರೆದು, "ದಾರಿಯಲ್ಲಿ ಹೋಗುತ್ತಿದ್ದವರು" ಎಂಬುದರ ಮೇಲ್ಗಡೆ ಇದ್ದ ಇಷ್ಟು ಜಾಗದಲ್ಲಿ "ಜೂಡಿ" ಎಂದು ಸೇರಿಸಿದೆ.