ಹಾಡು ಕ್ಯಾಸೆಟ್‌ನಲ್ಲಿ ಇದ್ದಂಗೇ ಬರಬೇಕಾ?

ನಾನು ಕಲಬುರಗಿಯಲ್ಲಿ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ನುಡಿಸುತ್ತೇನೆ. ಮದುವೆ ರಿಸೆಪ್ಷನ್, ಗಣಪತಿ ಪೆಂಡಾಲ್, ಜಾತ್ರೆ, ಎಲ್ಲಿ ಕರೆದರೂ ಹೋಗುತ್ತೇವೆ. ಸ್ಟೇಜ್ ಹತ್ತುವ ಮೊದಲು ಮನೆಯವರು ಬಂದು, "ಅಣ್ಣಾ, ಒರಿಜಿನಲ್ ಇದ್ದಂಗೇ ಬಾರಿಸ್ರಿ" ಅನ್ನುತ್ತಾರೆ. ಕೆಳಗಿಳಿದ ಮೇಲೆ ಗಿಟಾರ್ ಕಲಿಯುತ್ತಿರುವ ಹುಡುಗರು ಬಂದು, "ಸರ, ಯಾವಾಗ್ಲೂ ಕಾಪಿನೇ ಹೊಡೀಬೇಕೇನ್ರಿ? ನಮ್ದು ಅಂತ ಏನೂ ಹಾಕಬಾರದಾ?" ಅಂತ ಕೇಳುತ್ತಾರೆ. ಇಬ್ಬರ ಮಾತೂ ಒಂದೇ ಕಡೆ ಬಂದು ನಿಲ್ಲುತ್ತದೆ. ಬೇರೆಯವರು ರೆಕಾರ್ಡ್ ಮಾಡಿದ ಹಾಡನ್ನು ನಾವು ಎಷ್ಟರ ಮಟ್ಟಿಗೆ ಹಾಗೆಹಾಗೇ ನುಡಿಸಬೇಕು?

ಸಂಗೀತ ನಿರ್ದೇಶಕರು ಯೋಚನೆ ಮಾಡಿ ಇಟ್ಟದ್ದನ್ನು ಬಿಡಬಾರದು. ರೆಕಾರ್ಡಿಂಗ್ ಮಾಡುವಾಗ ತಾನಾಗಿ ಬಂದು ಸೇರಿಕೊಂಡದ್ದಕ್ಕೆ ಒದ್ದಾಡಬೇಕಿಲ್ಲ. ನನ್ನ ಉತ್ತರ ಇಷ್ಟೇ. ಆದರೆ ಯಾವುದು ಇಟ್ಟದ್ದು, ಯಾವುದು ಸೇರಿಕೊಂಡದ್ದು ಅಂತ ಪತ್ತೆ ಹಚ್ಚುವುದಕ್ಕೆ ಹಾಡನ್ನು ತುಂಬಾ ಸಲ ಕೇಳಬೇಕು. ಹೆಚ್ಚಿನವರು ಅದನ್ನೇ ಮಾಡುವುದಿಲ್ಲ.

ಮೊದಲು ಬಿಜಿಎಂ ಮಾತು, ಯಾಕಂದರೆ ನಮ್ಮ ಪ್ರಾಕ್ಟೀಸ್‌ನಲ್ಲಿ ಜಗಳ ಆಗುವುದು ಅಲ್ಲೇ. ಪಲ್ಲವಿ ಮುಗಿದು ಚರಣ ಶುರುವಾಗುವ ತನಕ ಬರುವ ಮ್ಯೂಸಿಕ್ ಅಂದರೆ ಗಾಯಕರು ನೀರು ಕುಡಿಯುವ ಸಮಯ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ನಮ್ಮ ಸಿನಿಮಾ ಹಾಡುಗಳಲ್ಲಿ ಬಹುಪಾಲು ಅದು ವಾದ್ಯದವರು ಆ ಹೊತ್ತಿಗೆ ತೋಚಿದ್ದನ್ನು ನುಡಿಸಿದ್ದಲ್ಲ. ನಿರ್ದೇಶಕರೋ ಅವರ ಸಹಾಯಕರೋ ನೊಟೇಷನ್ ಬರೆದುಕೊಟ್ಟು, ವಯಲಿನ್‌ನವರಿಗೆ ಇಷ್ಟು, ಕೊಳಲಿನವರಿಗೆ ಇಷ್ಟು ಅಂತ ಹಂಚಿ ನುಡಿಸಿದ್ದು. ಅಂದರೆ ಅದೂ ಹಾಡೇ. ರಾಜನ್-ನಾಗೇಂದ್ರ ಅವರ 'ಎಂದೆಂದೂ ನಿನ್ನನು ಮರೆತು' ತೆಗೆದುಕೊಳ್ಳಿ, 1974ರ 'ಎರಡು ಕನಸು' ಚಿತ್ರದ್ದು, ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ್ದು. ಮಧ್ಯದ ಮ್ಯೂಸಿಕ್ ಕಿತ್ತುಹಾಕಿ ಅದರ ಜಾಗದಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲು) ಬಾರಿಸಿದರೆ ಗಾಯಕರು ಎಷ್ಟೇ ಚೆನ್ನಾಗಿ ಹಾಡಿದರೂ ಏನೋ ಕಳೆದುಹೋದ ಹಾಗೆ ಅನಿಸುತ್ತದೆ, ಅಲ್ವಾ?

ಇಳಯರಾಜ ಅವರ ಹಾಡುಗಳಲ್ಲಂತೂ ಬೇಸ್ ಗಿಟಾರನ್ನೂ ಬಿಡುವ ಹಾಗಿಲ್ಲ. 1981ರ 'ಗೀತಾ' ಚಿತ್ರದ 'ಜೊತೆಯಲಿ ಜೊತೆ ಜೊತೆಯಲಿ' ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಅವರ ಧ್ವನಿಯನ್ನು ಸ್ವಲ್ಪ ಹೊತ್ತು ಮರೆತು, ಕೆಳಗೆ ಬೇಸ್ ಏನು ಮಾಡುತ್ತಿದೆ ಅನ್ನುವುದರ ಮೇಲಷ್ಟೇ ಗಮನ ಇಡಿ. ಅದು ಸುಮ್ನೆ ತಾಳ ಹಿಡಿದು ಕೂತಿಲ್ಲ. ನಮ್ಮ ತಂಡದಲ್ಲಿ ಬೇಸ್ ನುಡಿಸುವವರು ಇಲ್ಲದ ದಿನ ಆ ಭಾಗವನ್ನು ನಾನೇ ಎಡಗೈಯಲ್ಲಿ ಹಿಡಿಯುತ್ತೇನೆ, ಬಲಗೈಯಲ್ಲಿ ಒಂದೆರಡು ಸ್ವರ ಕಡಿಮೆ ಆದರೂ ಪರವಾಗಿಲ್ಲ ಅಂತ. ಕೀಬೋರ್ಡ್‌ನಲ್ಲಿ ಸ್ಟೈಲ್ ಬಟನ್ ಒತ್ತಿ, ಎಡಗೈಯಲ್ಲಿ ಕಾರ್ಡ್ ಹಿಡಿದರೆ ಡ್ರಮ್ಸ್, ಬೇಸ್ ಎಲ್ಲಾ ತಾನಾಗೇ ಬರುತ್ತದೆ. ಕೆಲಸ ಸುಲಭ. ಆದರೆ ಹಾಗೆ ಮಾಡಿದರೆ ಎಲ್ಲಾ ಹಾಡೂ ಒಂದೇ ತರ ಕೇಳುತ್ತವೆ. ಅದನ್ನು ನಾನು ಒಪ್ಪುವುದಿಲ್ಲ.

ಹಾಗಂತ ವಾದ್ಯದ ಸೌಂಡ್ ಕೂಡ ಅದೇ ಬರಬೇಕು ಅಂತ ಹಟ ಹಿಡಿಯುವುದಿಲ್ಲ. ಸ್ಟುಡಿಯೋದಲ್ಲಿ ಸಾಲಾಗಿ ಕೂತು ನುಡಿಸಿದ ವಯಲಿನ್‌ಗಳನ್ನು ಶಹಾಪುರದ ಕಲ್ಯಾಣ ಮಂಟಪಕ್ಕೆ ಎಲ್ಲಿಂದ ತರುವುದು? ಸ್ವರ ಸರಿ ಇದ್ದರೆ ಸಾಕು. ಕೀಬೋರ್ಡ್‌ನ ಕೊಳಲು ನನಗೆ ಇಷ್ಟವೇ ಇಲ್ಲ. ಉಸಿರಿನಲ್ಲಿ ಬರುವ ಜಾರು ಅದರಲ್ಲಿ ಬರುವುದಿಲ್ಲ. ಅದರ ಬದಲು ಪಕ್ಕದಲ್ಲಿ ಒಳ್ಳೆ ಹಾರ್ಮೋನಿಯಂ ನುಡಿಸುವವರು ಇದ್ದರೆ ಆ ಭಾಗವನ್ನು ಅವರಿಗೇ ಕೊಡಿ. ಸೌಂಡ್ ಬೇರೆ ಆಯಿತು, ನಿಜ. ಆದರೆ ಒಬ್ಬ ಮನುಷ್ಯ ನುಡಿಸಿದ ಹಾಗೆ ಕೇಳುತ್ತದೆ.

ಸ್ಕೇಲ್, ಅಂದರೆ ಹಾಡಿಗೆ ಹಿಡಿಯುವ ಶ್ರುತಿ, ಅದರ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಹಾಡುವವರ ಗಂಟಲಿಗೆ ಹೊಂದುವ ಸ್ಕೇಲೇ ಸರಿಯಾದ ಸ್ಕೇಲ್. ಒರಿಜಿನಲ್ ಕಪ್ಪು ಎರಡರಲ್ಲಿದೆ (ಕೀಬೋರ್ಡ್‌ನ ಎರಡನೇ ಕಪ್ಪು ಮನೆ, ಅಂದರೆ ಕೀ) ಅಂತ ಪಾಪ ಒಬ್ಬ ಹುಡುಗನನ್ನು ಅಲ್ಲೇ ಹಾಡಿಸಿ, ತಾರಸ್ಥಾಯಿಗೆ ಬಂದಾಗ ಗಂಟಲು ಹರಿಯುವ ಹಾಗೆ ಕೂಗಿಸುವುದರಲ್ಲಿ ಏನು ನಿಷ್ಠೆ ಇದೆ? ಅದೂ ಅಲ್ಲದೆ 'ಒರಿಜಿನಲ್ ಸ್ಕೇಲ್' ಅನ್ನುವುದನ್ನೂ ಸ್ವಲ್ಪ ನೋಡಿಕೊಂಡು ನಂಬಬೇಕು. ಟೇಪ್‌ರೆಕಾರ್ಡರ್ ಮೋಟಾರ್ ಸ್ವಲ್ಪ ಜೋರಾಗಿ ತಿರುಗಿದರೆ ಹಾಡು ಮೇಲೇರುತ್ತದೆ, ನಿಧಾನವಾದರೆ ಇಳಿಯುತ್ತದೆ. ಹಳೇ ಕ್ಯಾಸೆಟ್‌ನಿಂದ ಯೂಟ್ಯೂಬ್‌ಗೆ ಹಾಕಿದ ಎಷ್ಟೋ ಹಾಡುಗಳು ಎರಡು ಮನೆಗಳ ನಡುವೆ ಎಲ್ಲೋ ನಿಂತಿರುತ್ತವೆ, ಕೀಬೋರ್ಡ್ ಯಾವುದಕ್ಕೂ ಕೂಡುವುದಿಲ್ಲ. ಸ್ಕೇಲ್ ಇಳಿಸುವಾಗ ಒಂದು ಎಚ್ಚರ ಬೇಕು. ನನಗೆ ಒತ್ತಿದರೆ ಸ್ಕೇಲ್ ಬದಲಾಗುವ ಟ್ರಾನ್ಸ್‌ಪೋಸ್ ಬಟನ್ ಇದೆ, ಬೇಸ್ ಗಿಟಾರಿಗೆ ಇಲ್ಲ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ಇ. ಹಾಡನ್ನು ಇ ಇಂದ ಡಿಗೆ ತಂದರೆ ಆ ಕೆಳಗಿನ ಡಿ ಅಲ್ಲಿ ಸಿಗುವುದೇ ಇಲ್ಲ. ತಂತಿ ಸಡಿಲ ಮಾಡಬೇಕು, ಇಲ್ಲಾ ಮೇಲಿನ ಡಿ ಹಿಡಿಯಬೇಕು. ಇದನ್ನು ಮೊದಲೇ ಮಾತಾಡಿಕೊಂಡಿರಬೇಕು, ಸ್ಟೇಜ್ ಮೇಲೆ ಅಲ್ಲ.

ನಮ್ಮ ಊರಿನ ಬಿಸಿಲಿನ ಕಥೆಯೇ ಬೇರೆ. ಏಪ್ರಿಲ್, ಮೇ ಅಂದರೆ ಮದುವೆ ಸೀಸನ್. ಒಣ ಬಿಸಿಲಿಗೆ ತಬಲಾದ ಚರ್ಮ ಬಿಗಿದು ಶ್ರುತಿ ಏರುತ್ತದೆ. ಗಿಟಾರಿನ ತಂತಿ ಕಾದು ಹಿಗ್ಗಿ ಶ್ರುತಿ ಇಳಿಯುತ್ತದೆ. ಒಂದು ಮೇಲೆ ಹೋಗುತ್ತದೆ, ಒಂದು ಕೆಳಗೆ ಬರುತ್ತದೆ. ರೆಕಾರ್ಡಿಂಗ್‌ನ ಪ್ರತಿಯೊಂದು ಸಣ್ಣ ಗಮಕ ತರಬೇಕು ಅಂತ ಒದ್ದಾಡುವುದಕ್ಕಿಂತ ಪ್ರತಿ ಎರಡು ಹಾಡಿಗೊಮ್ಮೆ ಶ್ರುತಿ ನೋಡಿಕೊಳ್ಳುವುದು ಆ ಹೊತ್ತಿಗೆ ಹೆಚ್ಚು ಮುಖ್ಯ.

ಇನ್ನು ಧ್ವನಿ. ರಾಜ್‌ಕುಮಾರ್ ಹಾಡನ್ನು ರಾಜ್‌ಕುಮಾರ್ ಧ್ವನಿಯಲ್ಲೇ ಹಾಡಬೇಕು ಅಂತ ಕೇಳುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಮೂಗಿನ ಸ್ವರ, ಉಚ್ಚಾರದ ಒತ್ತು ಇವನ್ನೆಲ್ಲ ಅನುಕರಣೆ ಮಾಡುವುದರಲ್ಲಿ ಗಾಯಕನ ಗಮನ ಪೂರ್ತಿ ಅಲ್ಲಿಗೇ ಹೋಗುತ್ತದೆ. ಸಾಹಿತ್ಯ ಏನು ಹೇಳುತ್ತಿದೆ ಅನ್ನುವುದು ತಪ್ಪಿಹೋಗುತ್ತದೆ. 1992ರ 'ಜೀವನ ಚೈತ್ರ'ದ 'ನಾದಮಯ' ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಅವರ ಧ್ವನಿ ಹೇಗಿತ್ತು ಅನ್ನುವುದಕ್ಕಷ್ಟೇ ಅಲ್ಲ, ಆ ತೋಡಿ ರಾಗವನ್ನು ಅವರು ಹಿಡಿದ ರೀತಿಗೆ. ಅದನ್ನು ಹಾಡಲು ಹೊರಡುವವರು ಧ್ವನಿ ಬದಲಿಸಿಕೊಳ್ಳುವ ಮೊದಲು ರಾಗ ಕಲಿಯಲಿ. ಎಸ್‌ಪಿಬಿ ಕೂಡ ತಾವೇ ಹಾಡಿದ ಹಾಡನ್ನು ವೇದಿಕೆ ಮೇಲೆ ಹಾಡುವಾಗ ಅಲ್ಲಲ್ಲಿ ಹೊಸ ಸಂಗತಿ, ಅಂದರೆ ಅದೇ ಸಾಲಿಗೆ ಸ್ವರದ ಹೊಸ ತಿರುವು, ಹಾಕುತ್ತಿದ್ದರು. ಟ್ಯೂನ್ ಅಲುಗುತ್ತಿರಲಿಲ್ಲ.

ನನಗೆ ನಿಜವಾಗಲೂ ಸಿಟ್ಟು ಬರುವುದು ಚರಣ ಕತ್ತರಿಸಿದಾಗ. ಈ ಹಾಡು ಬೇಕು ಅಂತ ಬರೆದು ಕಳಿಸುವ ಎಲ್ಲರ ಚೀಟಿಗೂ ಸಮಯ ಸಾಕಾಗಬೇಕು, ಹಿಂದಿ ಎರಡು, ಮರಾಠಿ ಒಂದು, ತೆಲುಗು ಒಂದು ಆಗಬೇಕು, ಬೀದರ್ ಕಡೆ ಹೋದರೆ ಇದು ತಪ್ಪಿದ್ದಲ್ಲ. ಅದಕ್ಕೆ ಪಲ್ಲವಿ, ಒಂದು ಚರಣ, ಮುಂದಿನ ಹಾಡು. 2006ರ 'ಮುಂಗಾರು ಮಳೆ'ಯ 'ಅನಿಸುತಿದೆ ಯಾಕೋ ಇಂದು' ಹಾಡನ್ನು ಜಯಂತ ಕಾಯ್ಕಿಣಿ ಬರೆದದ್ದು ಪಲ್ಲವಿಗೆ ಮುಗಿಸುವುದಕ್ಕಲ್ಲ. ಪಿಟೀಲು ಸೌಂಡ್ ಸರಿ ಇಲ್ಲ ಅಂತ ತಂಡದವರನ್ನು ಬೈಯುವವರು ಇಡೀ ಎರಡನೇ ಚರಣ ಹಾರಿಸಿದಾಗ ಸುಮ್ಮನಿರುತ್ತಾರೆ. ಐದು ಹಾಡು ಕಡಿಮೆ ಇರಲಿ, ಇರುವ ಹಾಡು ಪೂರ್ತಿ ಇರಲಿ.

ಹಾಗಾದರೆ ಬದಲಾವಣೆಯೇ ತಪ್ಪಾ ಅಂತ ಕೇಳುವವರಿಗೆ ನಮ್ಮ ನೆಲದ ಹಾಡುಗಳನ್ನೇ ತೋರಿಸುತ್ತೇನೆ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ರಾತ್ರಿ ಭಜನೆಯಲ್ಲಿ ಕೇಳಿ. ಈ ಊರಲ್ಲಿ ಒಂದು ಧಾಟಿ, ಆಚೆ ಊರಲ್ಲಿ ಇನ್ನೊಂದು ಧಾಟಿ. ಯಾವುದು ಒರಿಜಿನಲ್ ಅಂತ ಯಾರೂ ಕೇಳುವುದಿಲ್ಲ. ವಚನಗಳೂ ಅಷ್ಟೇ. ಬಸವಕಲ್ಯಾಣದ ಶರಣರ ಮಾತು ನಮಗೆ ಬಂದಿದೆ, ಧಾಟಿ ಬಂದಿಲ್ಲ. ಹಾಗಾಗಿ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ತಮ್ಮ ತಮ್ಮ ರೀತಿಯಲ್ಲಿ ಹಾಡಿದರು. ಖ್ವಾಜಾ ಬಂದೇನವಾಜ್ ದರ್ಗಾದ ಉರುಸಿನಲ್ಲಿ ಕವ್ವಾಲರು ಗೊತ್ತಿರುವ ಕಲಾಮನ್ನೇ (ಪದ್ಯವನ್ನೇ) ಎತ್ತಿಕೊಂಡು, ಮಧ್ಯೆ ಬೇರೆ ಶೇರ್ (ದ್ವಿಪದಿ) ಸೇರಿಸಿ ಗಿರಹ, ಅಂದರೆ ಗಂಟು, ಹಾಕಿ, ಒಂದೇ ಸಾಲನ್ನು ಸುತ್ತಿಸುತ್ತಾ ಹೋಗುತ್ತಾರೆ. ಅಲ್ಲಿ ಬದಲಿಸುವುದೇ ಕಲೆ. ಸಿನಿಮಾ ಹಾಡು ಆ ಜಾತಿಯದ್ದಲ್ಲ. ಅದನ್ನು ಒಬ್ಬರು ಕೂತು ಕೊನೇ ಸ್ವರದ ತನಕ ಕಟ್ಟಿದ್ದಾರೆ. ಎರಡಕ್ಕೂ ಒಂದೇ ನಿಯಮ ಹಾಕಬಾರದು ಅನ್ನುವುದು ನನ್ನ ವಾದ.

ಕಾನೂನಿನಲ್ಲೂ ಇದಕ್ಕೆ ಹತ್ತಿರದ ಮಾತಿದೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಂ ಪ್ರಕಾರ, ಕವರ್ ರೆಕಾರ್ಡ್ (ಬೇರೆಯವರ ಹಾಡನ್ನು ಹೊಸದಾಗಿ ಹಾಡಿ ಮಾಡುವ ರೆಕಾರ್ಡ್) ಮಾಡುವವರು ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದ ಮೇಲೆ ಐದು ವರ್ಷ ಕಾಯಬೇಕು, ರಾಯಲ್ಟಿ ಕೊಡಬೇಕು. ಸಾಹಿತ್ಯದಲ್ಲಿ, ಸಂಗೀತದಲ್ಲಿ ಹಕ್ಕುದಾರರ ಒಪ್ಪಿಗೆ ಇಲ್ಲದೆ ಬದಲಾವಣೆ ಮಾಡುವ ಹಾಗಿಲ್ಲ, ರೆಕಾರ್ಡಿಂಗ್‌ಗೆ ತಾಂತ್ರಿಕವಾಗಿ ಬೇಕೇ ಬೇಕು ಅನ್ನುವಷ್ಟನ್ನು ಬಿಟ್ಟು. ಇದು ರೆಕಾರ್ಡ್ ಮಾಡುವವರಿಗೆ. ಮದುವೆಗೆ ಸಂಬಂಧಿಸಿದ ಸಮಾರಂಭದಲ್ಲಿ ನುಡಿಸುವುದಕ್ಕೆ ಅದೇ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ.

ಗಿಟಾರ್ ಹುಡುಗರು ಕೇಳುವ 'ನಮ್ದು' ಎಲ್ಲಿ ಹಾಕಬೇಕು ಅಂದರೆ, ಜಾಗ ಇದೆ. ಎಷ್ಟೋ ಹಾಡುಗಳ ರೆಕಾರ್ಡಿಂಗ್ ಮುಗಿಯುವುದೇ ಇಲ್ಲ. ಪಲ್ಲವಿ ತಿರುಗುತ್ತಾ ತಿರುಗುತ್ತಾ ಸೌಂಡ್ ಸಣ್ಣದಾಗಿ ನಿಂತುಹೋಗುತ್ತದೆ. ಅದು ಮಿಕ್ಸಿಂಗ್‌ನಲ್ಲಿ ಮಾಡಿದ್ದು, ಸ್ಟೇಜ್ ಮೇಲೆ ಆಗದ ಕೆಲಸ. ಅಲ್ಲಿ ಮುಕ್ತಾಯವನ್ನು ನಾವೇ ಕಟ್ಟಬೇಕು. ಕೊನೇ ಪಲ್ಲವಿ ಆದ ಮೇಲೆ ಮೊದಲ ಬಿಜಿಎಂನ ಒಂದು ತುಣುಕು ಎತ್ತಿಕೊಂಡು, ಆಕ್ಟೋಪ್ಯಾಡ್‌ (ಎಲೆಕ್ಟ್ರಾನಿಕ್ ಡ್ರಮ್) ನುಡಿಸುವವರಿಗೆ ಕಣ್ಣಲ್ಲೇ ಸೂಚನೆ ಕೊಟ್ಟು, ತಿಹಾಯಿ (ಒಂದೇ ತುಣುಕನ್ನು ಮೂರು ಸಲ ನುಡಿಸಿ ಮುಗಿಸುವುದು) ಹಾಕಿ ಎಲ್ಲರೂ ಒಟ್ಟಿಗೆ ನಿಲ್ಲಿಸಬಹುದು. ಇಲ್ಲಾ ಗಾಯಕಿಗೆ ಒಂದು ಆಲಾಪ ಬಿಟ್ಟುಕೊಡಬಹುದು. ಮುಂದಿನ ಪ್ರಾಕ್ಟೀಸ್‌ಗೆ ಬರುವಾಗ ಒಂದು ಹಾಡಿಗೆ ಮೂರು ಬೇರೆ ಬೇರೆ ಮುಕ್ತಾಯ ಯೋಚಿಸಿಕೊಂಡು ಬನ್ನಿ. ಕೂತು ನುಡಿಸಿ ನೋಡೋಣ, ಯಾವುದು ಆ ಹಾಡಿಗೆ ಕೂಡುತ್ತದೆ ಅಂತ.